ಮುಕ್ಕಾಲು ಇಂಚಿನ ಹಿತ್ತಾಳೆ ಸ್ಪ್ರಿಂಕ್ಲರ್: ಸಣ್ಣ ರೊಬಸ್ಟಾ ಕಾಫಿ ತೋಟಕ್ಕೆ ಹೇಗಿದೆ?

ಹೂ ಅರಳಿಸುವ ಬೇಸಿಗೆ ಮಳೆಗೆ (ಹೂಮಳೆ) ಕಾಯದೆ ಫೆಬ್ರವರಿ ಕೊನೆಯಲ್ಲೇ ಕಾಫಿಗೆ ನೀರು ಕೊಡುವ ಕೊಡಗಿನ ಸಣ್ಣ ಬೆಳೆಗಾರರಿಗೆ ಈ ಎರಡು ನಾಜಲ್‌ನ ಸ್ಪ್ರಿಂಕ್ಲರ್ ನಿಜಕ್ಕೂ ಒಳ್ಳೆಯದು. 12 ಮೀಟರ್ ಅಂತರದಲ್ಲಿ ನಿಲ್ಲಿಸಿ. ಗಿಡಗಳ ನಡುವೆ ನೇರ ಗೋಡೆಯ ಖಾಲಿ ಡಬ್ಬಿ ಇಟ್ಟು, ಒಂದರಿಂದ ಒಂದೂವರೆ ಇಂಚು ನೀರು ತುಂಬುವವರೆಗೆ ಪೈಪನ್ನು ಬೇರೆ ಜಾಗಕ್ಕೆ ಸರಿಸಬೇಡಿ. ನೀರು ಸಾಲದಿದ್ದರೆ ಮೊಗ್ಗು ಪೂರ್ತಿ ಅರಳದೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಆ ಫಸಲು ಹೋದಂತೆಯೇ.

ತೊಂದರೆಯೆಲ್ಲ ಕೆರೆ ನೀರಿನ ಕಸದ್ದು. ಚಿಕ್ಕ ನಾಜಲ್ ಕಟ್ಟಿಕೊಂಡರೆ ದೂರಕ್ಕೆ ನೀರು ಹಾರುತ್ತಲೇ ಇರುತ್ತದೆ, ಸ್ಟ್ಯಾಂಡಿನ ಸುತ್ತ ಮಾತ್ರ ಒಣಗಿರುತ್ತದೆ. ದೂರದಿಂದ ನೋಡಿದರೆ ಗೊತ್ತಾಗುವುದಿಲ್ಲ. ಬಿಡಿಸಲು ತಂತಿ ಬೇಡ, ತೂತು ಅಗಲವಾಗುತ್ತದೆ. ತೆಂಗಿನ ಕಡ್ಡಿ ಸಾಕು. ಫುಟ್‌ವಾಲ್ವನ್ನು (ಪಂಪಿಗೆ ನೀರೆಳೆಯುವ ಪೈಪಿನ ತುದಿಯ ವಾಲ್ವ್) ಬಿದಿರು ಬುಟ್ಟಿಯೊಳಗೆ ಇಳಿಸಿ. ಜೊತೆಗೆ ಬರುವ ವಾಷರ್ ಕಳಪೆ, ಬೇರೆ ಕೊಳ್ಳಿ. ಹೂ ಅರಳಿದ ದಿನ ಓಡಿಸಲೇಬೇಡಿ: ಪರಾಗ ತೊಳೆದುಹೋಗುತ್ತದೆ, ಜೇನೂ ಬರುವುದಿಲ್ಲ.