ಆಸಿಡ್, ಗಾಜು ಇಲ್ಲಿ ತಗೊಳ್ಳಿ, ರೆಡಿ ದ್ರಾವಣ ಮಾತ್ರ ಬೇಡ: ಹುಬ್ಬಳ್ಳಿಯ ಒಂದು ಲ್ಯಾಬ್ ಅಂಗಡಿ

ಐದಕ್ಕೆ ಮೂರೂವರೆ ಸ್ಟಾರ್. ಗಾಜಿನ ಸಾಮಾನು, ಕಾನ್ಸಂಟ್ರೇಟೆಡ್ ಆಸಿಡ್, ಮಾಲೀಕರ ತಿಳಿವಳಿಕೆ, ಈ ಮೂರಕ್ಕೆ ಪೂರ್ತಿ ಅಂಕ. ಕಡಿಮೆ ಮಾಡಿದ್ದು ಅವರೇ ಮಾಡಿ ತುಂಬಿ ಮಾರುವ ರೆಡಿ ದ್ರಾವಣಗಳಿಗೆ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ಜೂನ್ ಬಂತೆಂದರೆ ಗದಗ, ಹಾವೇರಿ, ಧಾರವಾಡ ಕಡೆಯ ಎಷ್ಟೋ ಹೈಸ್ಕೂಲಿನವರು, ಪಿಯು ಕಾಲೇಜಿನವರು ಲ್ಯಾಬ್ ಸಾಮಾನಿಗೆ ಹುಬ್ಬಳ್ಳಿ ಪೇಟೆಗೇ ಬರುತ್ತಾರೆ. ಬಂದವರಲ್ಲಿ ಬಹಳ ಜನ ಟೈಮ್ ಇಲ್ಲ ಅಂತ ಅದೇ ರೆಡಿ ಸೆಟ್ ಎತ್ತಿಕೊಂಡು ಹೋಗುತ್ತಾರೆ.

ನಾನು ಗದಗ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಟೀಚರ್. ನಮ್ಮಲ್ಲಿ ಲ್ಯಾಬ್ ಅಟೆಂಡರ್ ಇಲ್ಲ. ದ್ರಾವಣ ಮಾಡುವುದು, ಬಾಟಲಿ ತೊಳೆಯುವುದು, ರಿಜಿಸ್ಟರ್ ಬರೆಯುವುದು ಎಲ್ಲ ನನ್ನದೇ. ಹತ್ತನೇ ಕ್ಲಾಸಿನ ಆಮ್ಲ, ಪ್ರತ್ಯಾಮ್ಲ, ಲವಣ ಪಾಠಕ್ಕೆ ಬೇಕಾಗುವುದು ತೀರಾ ಜಾಸ್ತಿ ಏನಲ್ಲ. ಡೈಲ್ಯೂಟ್ (ನೀರು ಬೆರೆಸಿ ತೆಳು ಮಾಡಿದ) ಎಚ್‌ಸಿಎಲ್ ಅಂದರೆ ಹೈಡ್ರೋಕ್ಲೋರಿಕ್ ಆಸಿಡ್, ಡೈಲ್ಯೂಟ್ ಸಲ್ಫ್ಯೂರಿಕ್, ಸೋಡಿಯಂ ಹೈಡ್ರಾಕ್ಸೈಡ್, ಸುಣ್ಣದ ತಿಳಿನೀರು, ಬಣ್ಣ ಬದಲಿಸಿ ಆಮ್ಲವೋ ಪ್ರತ್ಯಾಮ್ಲವೋ ತೋರಿಸುವ ಲಿಟ್ಮಸ್, ಫಿನಾಫ್ತಲೀನ್. ಇಷ್ಟಿದ್ದರೆ ವರ್ಷ ಕಳೆಯುತ್ತದೆ.

ಮೊದಲು ಮೆಚ್ಚಿದ್ದು ಹೇಳುತ್ತೇನೆ. ಈ ಅಂಗಡಿಯಲ್ಲಿ ದುಡ್ಡು ಇಟ್ಟರೆ ಸಾಕು ಆಸಿಡ್ ಕೊಡುತ್ತಾರೆ ಅನ್ನುವ ಹಾಗಿಲ್ಲ. ಶಾಲೆಯ ಲೆಟರ್‌ಹೆಡ್, ಹೆಡ್‌ಮಾಸ್ತರರ ಸಹಿ, ಸೀಲು, ನಿಮ್ಮ ಐಡಿ ಕಾರ್ಡ್ ಕೇಳುತ್ತಾರೆ. ಯಾವ ಆಸಿಡ್, ಎಷ್ಟು, ಯಾತಕ್ಕೆ ಅಂತ ಅವರ ರಿಜಿಸ್ಟರಿನಲ್ಲಿ ಬರೆಸಿಕೊಂಡ ಮೇಲೆಯೇ ಬಾಟಲಿ ಹೊರಗೆ ಬರುತ್ತದೆ. ಕೆಲವರು ಇದಕ್ಕೆ ಸಿಟ್ಟಾಗುತ್ತಾರೆ, ನನ್ನ ಮುಂದೆಯೇ ಒಬ್ಬರು ಜಗಳ ತೆಗೆದರು. ಸಿಟ್ಟಾಗುವುದಕ್ಕೆ ಏನೂ ಇಲ್ಲ. ಆಸಿಡ್ ದಾಳಿಯ ಪ್ರಕರಣದಲ್ಲಿ 2013ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೇ ಇದು: ಮಾರುವವರು ಕೊಳ್ಳುವವರ ವಿವರ ಬರೆದಿಡಬೇಕು, ಗುರುತಿನ ಚೀಟಿ ನೋಡಬೇಕು, 18 ತುಂಬದವರಿಗೆ ಕೊಡಬಾರದು. ಅದೇ ಆದೇಶದಲ್ಲಿ ಆಸಿಡ್ ಇಟ್ಟುಕೊಳ್ಳುವ ಶಾಲೆ, ಕಾಲೇಜು, ಆಸ್ಪತ್ರೆಗಳೂ ಬಳಕೆಯ ರಿಜಿಸ್ಟರ್ ಇಡಬೇಕು, ಜವಾಬ್ದಾರಿಗೆ ಒಬ್ಬರನ್ನು ನೇಮಿಸಬೇಕು ಅಂತಲೂ ಇದೆ. ಈ ಎರಡನೇ ಮಾತು ನಮ್ಮ ಕಡೆ ಎಷ್ಟು ಶಾಲೆಗಳಿಗೆ ಗೊತ್ತೋ! ನನಗೆ ಅದನ್ನು ಹೇಳಿದ್ದು ಈ ಅಂಗಡಿಯ ಮಾಲೀಕರೇ.

ಅವರನ್ನು ಎಲ್ಲರೂ ಕಾಕಾ ಅಂತಾರೆ, ನಾನೂ ಹಾಗೇ ಕರೆಯುತ್ತೇನೆ. ವ್ಯಾಪಾರಕ್ಕಿಂತ ಮಾತು ಜಾಸ್ತಿ, ಆದರೆ ಮಾತಿನಲ್ಲಿ ಹುರುಳಿದೆ. ಎರಡೂವರೆ ಲೀಟರಿನ ಸಲ್ಫ್ಯೂರಿಕ್ ಬಾಟಲಿ ಕೇಳಿದ್ದಕ್ಕೆ, "ಅಷ್ಟ ಒಯ್ದು ಏನ್ ಮಾಡ್ತೀರಿ ಟೀಚರ್ರ? ಅರ್ಧಾ ಲೀಟರ್ ಒಯ್ರಿ, ಮುಗದ ಮ್ಯಾಲೆ ಮತ್ತ ಬರ್ರಿ" ಅಂದರು. ಸರಿಯಾದ ಮಾತು. ಸಲ್ಫ್ಯೂರಿಕ್ ಆಸಿಡ್ ನೀರಿಗಿಂತ ಹೆಚ್ಚುಕಡಿಮೆ 1.84 ಪಟ್ಟು ಭಾರ, ಎರಡೂವರೆ ಲೀಟರ್ ಅಂದರೆ ಆಸಿಡ್ಡೇ 4.6 ಕೆಜಿ, ಮೇಲೆ ಗಾಜಿನ ಬಾಟಲಿಯ ತೂಕ. ಅದನ್ನು ಒಂದೇ ಕೈಯಲ್ಲಿ ಬಗ್ಗಿಸಿ ಸಣ್ಣ ಅಳತೆ ಜಾಡಿಗೆ ಸುರಿಯುವುದು ನನ್ನಂಥವರ ಕೆಲಸ ಅಲ್ಲ. ಜಾಸ್ತಿ ಮಾರುವ ಅವಕಾಶ ಬಿಟ್ಟು ಕಡಿಮೆ ಒಯ್ಯಿರಿ ಅನ್ನುವ ಅಂಗಡಿಯವರು ಎಷ್ಟು ಜನ ಇದ್ದಾರೆ?

ಗ್ರೇಡ್ ವಿಷಯದಲ್ಲೂ ಮೋಸ ಇಲ್ಲ. ಬಾತ್‌ರೂಮ್ ತೊಳೆಯುವ ಕಮರ್ಷಿಯಲ್ ಎಚ್‌ಸಿಎಲ್ ಅಗ್ಗಕ್ಕೆ ಸಿಗುತ್ತದೆ, ಕ್ಯಾನಿನಲ್ಲಿ ಹಳದಿ ಬಣ್ಣಕ್ಕಿರುತ್ತದೆ. ಆ ಹಳದಿ ಸಾಮಾನ್ಯವಾಗಿ ಅದರಲ್ಲಿ ಸೇರಿದ ಕಬ್ಬಿಣದ್ದು. ಪಿಯು ಮಕ್ಕಳಿಗೆ ಸಾಲ್ಟ್ ಅನಾಲಿಸಿಸ್ (ಕೊಟ್ಟ ಉಪ್ಪಿನಲ್ಲಿ ಏನೇನಿದೆ ಅಂತ ಪತ್ತೆ ಮಾಡುವುದು) ಮಾಡಿಸುವಾಗ ಅದನ್ನು ಬಳಸಿದರೆ ಪ್ರತಿ ಉಪ್ಪಿನಲ್ಲೂ ಕಬ್ಬಿಣ ಸಿಗುತ್ತದೆ, ಮಕ್ಕಳು ಪಾಪ ತಲೆ ಕೆರೆದುಕೊಳ್ಳುತ್ತಾರೆ. ಇವರು ಕೊಡುವುದು ಸೀಲ್ ಇರುವ ಎಲ್‌ಆರ್ (ಲ್ಯಾಬ್ ಬಳಕೆಯ) ಗ್ರೇಡ್ ಬಾಟಲಿ, ನೀರಿನಂತೆ ತಿಳಿಯಾದದ್ದು. ಶಾಲೆಗೆ ಎಲ್‌ಆರ್ ಸಾಕು. ಅದಕ್ಕಿಂತ ಶುದ್ಧವಾದ ಎಆರ್ ಗ್ರೇಡಿಗೆ ಸುಮ್ನೆ ದುಡ್ಡು ಹಾಕಬೇಡಿ, ಆಕ್ಸಾಲಿಕ್ ಆಸಿಡ್ ಒಂದನ್ನು ಬಿಟ್ಟು. ಅದು ಯಾಕೆ ಅಂತ ಕೆಳಗೆ ಬರುತ್ತದೆ.

ಈಗ ರೆಡಿ ದ್ರಾವಣದ ಕಥೆ. ಕೌಂಟರಿನ ಪಕ್ಕದಲ್ಲೇ ಸಾಲಾಗಿ ಇಟ್ಟಿರುತ್ತಾರೆ, ಅರ್ಧ ಲೀಟರ್, ಒಂದು ಲೀಟರ್. ಡೈಲ್ಯೂಟ್ ಎಚ್‌ಸಿಎಲ್ ಬಾಟಲಿಯ ಮೇಲೆ "ಡೈಲ್ಯೂಟ್ ಎಚ್‌ಸಿಎಲ್" ಅಂತ ಇದೆ, ಅಂಗಡಿಯ ಫೋನ್ ನಂಬರ್ ಇದೆ. ಎಷ್ಟು ಡೈಲ್ಯೂಟ್ ಅಂತ ಇಲ್ಲ. ಮಾಡಿದ ತಾರೀಕು ಇಲ್ಲ. ಅದರಲ್ಲೂ ಒಂದಿಷ್ಟನ್ನು ಕುಡಿಯುವ ನೀರಿನ ಹಳೇ ಬಾಟಲಿಗಳಲ್ಲಿ ತುಂಬಿಟ್ಟಿದ್ದರು! ಇದಕ್ಕೆ ಒಂದಲ್ಲ, ಎರಡು ಸ್ಟಾರ್ ಕಳೆಯಬೇಕಿತ್ತು. ಬಿಸಿಲಿನಲ್ಲಿ ಆಟ ಆಡಿ ಬಂದ ಹುಡುಗ ಮೇಜಿನ ಮೇಲೆ ನೀರಿನ ಬಾಟಲಿ ಕಂಡರೆ ಲೇಬಲ್ ಓದುತ್ತಾನಾ? ಇದನ್ನು ಕಾಕಾಗೆ ನೇರವಾಗಿಯೇ ಹೇಳಿದೆ. ಮುಂದೆ ಹೋದಾಗ ಆ ಬಾಟಲಿಗಳು ಇರಲಿಲ್ಲ, ಬಿಳಿ ಪ್ಲಾಸ್ಟಿಕ್ಕಿನ ರಿಯೇಜೆಂಟ್ ಬಾಟಲಿ ಬಂದಿದ್ದವು. ಅದಕ್ಕೇ ಅರ್ಧ ಸ್ಟಾರ್ ವಾಪಸ್ ಕೊಟ್ಟಿದ್ದೇನೆ. ತಾರೀಕು ಮಾತ್ರ ಇನ್ನೂ ಬಂದಿಲ್ಲ. "ತಾರೀಕ ಎಲ್ಲಿ ಐತ್ರಿ ಕಾಕಾ?" ಅಂದರೆ "ಅದೇನ್ ಕೆಡೂದಿಲ್ಲ ಬಿಡ್ರಿ" ಅಂತಾರೆ.

ಎಚ್‌ಸಿಎಲ್ ಮಟ್ಟಿಗೆ ಆ ಮಾತು ಹೆಚ್ಚುಕಡಿಮೆ ನಿಜ, ಮುಚ್ಚಳ ಬಿಗಿಯಾಗಿದ್ದರೆ ಡೈಲ್ಯೂಟ್ ಆಸಿಡ್ ಬಹಳ ಕಾಲ ಹಾಗೇ ಇರುತ್ತದೆ. ಸೋಡಿಯಂ ಹೈಡ್ರಾಕ್ಸೈಡ್ ವಿಷಯದಲ್ಲಿ ಅದು ಪೂರ್ತಿ ತಪ್ಪು. ಅದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಎಳೆದುಕೊಂಡು ಮೆಲ್ಲಗೆ ಸೋಡಿಯಂ ಕಾರ್ಬೊನೇಟ್ ಆಗುತ್ತಾ ಹೋಗುತ್ತದೆ. ಪಿಯು ಕಾಲೇಜಿನಲ್ಲಿರುವ ನನ್ನ ಗೆಳತಿ ಇವರ ಎನ್/10 (ನಾರ್ಮಲ್ ಬಲದ ಹತ್ತನೇ ಒಂದು ಭಾಗ) ಬಾಟಲಿಯನ್ನು ಹೊಸದಾಗಿ ಮಾಡಿದ ಆಕ್ಸಾಲಿಕ್ ಆಸಿಡ್ ಜೊತೆ ಟೈಟ್ರೇಟ್ ಮಾಡಿ, ಅಂದರೆ ಹನಿಹನಿಯಾಗಿ ಸೇರಿಸಿ ಬಲ ಅಳೆದು ನೋಡಿದಳು. ಆಕ್ಸಾಲಿಕ್ ಆಸಿಡ್ಡೂ ಎನ್/10, 10 ಎಂಎಲ್ ತಗೊಂಡರೆ ಬ್ಯೂರೆಟ್ಟಿನಿಂದಲೂ (ಹನಿ ಬಿಡುವ ಅಳತೆ ಕೊಳವೆ) 10 ಎಂಎಲ್ ಇಳಿಯಬೇಕು. 11 ದಾಟಿದ ಮೇಲೆ ಫಿನಾಫ್ತಲೀನಿನ ಗುಲಾಬಿ ಬಣ್ಣ ಬಂತು, ಅಂದರೆ ದ್ರಾವಣದ ಬಲ ಕುಗ್ಗಿದೆ. ಆ ದ್ರಾವಣ ನಂಬಿಕೊಂಡು ಪ್ರಾಕ್ಟಿಕಲ್ ನಡೆಸಿದರೆ ಸರಿಯಾಗಿ ಮಾಡಿದ ಹುಡುಗಿಗೇ ಅಂಕ ಹೋಗುತ್ತದೆ, ಅಲ್ವಾ?

ದುಡ್ಡಿನ ಲೆಕ್ಕ ಹಾಕಿದರೂ ಇದು ನಷ್ಟ. ಕಾನ್ಸಂಟ್ರೇಟೆಡ್ ಎಚ್‌ಸಿಎಲ್ ಸುಮಾರು 11.5 ಮೋಲಾರ್ (ದ್ರಾವಣದ ಬಲದ ಅಳತೆ) ಇರುತ್ತದೆ, ಒಂದು ಲೀಟರ್ 1 ಮೋಲಾರ್ ಮಾಡಲು ಸುಮಾರು 87 ಎಂಎಲ್ ಸಾಕು. ಅಂದರೆ ಅರ್ಧ ಲೀಟರ್ ಬಾಟಲಿಯಿಂದ ಐದೂವರೆ ಲೀಟರ್ ಮೇಲೆ ಬರುತ್ತದೆ. ಸಲ್ಫ್ಯೂರಿಕ್ ಸುಮಾರು 18 ಮೋಲಾರ್, ಲೀಟರಿಗೆ 55 ಎಂಎಲ್, ಅರ್ಧ ಲೀಟರಿನಿಂದ 9 ಲೀಟರ್. ಸೋಡಿಯಂ ಹೈಡ್ರಾಕ್ಸೈಡ್ ಗುಳಿಗೆ ಲೀಟರಿಗೆ 40 ಗ್ರಾಂ, ಅರ್ಧ ಕೆಜಿ ಡಬ್ಬಿಗೆ ಹನ್ನೆರಡೂವರೆ ಲೀಟರ್. ಇವರ ಒಂದೊಂದು ಲೀಟರಿನ ರೆಡಿ ಬಾಟಲಿಯ ರೇಟಿಗೆ ಇನ್ನೊಂಚೂರು ಸೇರಿಸಿದರೆ ಸೀಲ್ ಇರುವ ಕಾನ್ಸಂಟ್ರೇಟೆಡ್ ಬಾಟಲಿಯೇ ಬರುತ್ತದೆ. ರೆಡಿ ಸೆಟ್ಟಿನಲ್ಲಿ ನಾವು ಕೊಳ್ಳುತ್ತಿರುವುದು ಮುಖ್ಯವಾಗಿ ನೀರು.

ಮಾಡಿಕೊಳ್ಳುವುದು ಕಷ್ಟವಾ? ಇಲ್ಲ, ಆದರೆ ಅವಸರ ಇರಬಾರದು. ಬೋರೋಸಿಲಿಕೇಟ್ ಗಾಜಿನ ಬೀಕರಿನಲ್ಲಿ ಮೊದಲು ನೀರು, ಆಮೇಲೆ ಆಸಿಡ್ ಸ್ವಲ್ಪ ಸ್ವಲ್ಪವೇ, ಗಾಜಿನ ಕಡ್ಡಿಯಿಂದ ಕಲಕುತ್ತಾ. ಸಲ್ಫ್ಯೂರಿಕ್ ಆದರೆ ಬೀಕರನ್ನು ತಣ್ಣೀರಿನ ಟಬ್ಬಿನಲ್ಲಿ ಇಡಿ. ಉಲ್ಟಾ ಮಾಡಿ ಆಸಿಡ್ಡಿಗೆ ನೀರು ಹಾಕಿದರೆ, ಹಗುರವಾದ ನೀರು ಮೇಲೆಯೇ ನಿಂತು ಆ ಕಾವಿಗೆ ಅಲ್ಲೇ ಕುದಿದು ಆಸಿಡ್ ಸಮೇತ ಮುಖಕ್ಕೆ ಸಿಡಿಯುತ್ತದೆ. ದಪ್ಪ ಗಾಜಿನ ರಿಯೇಜೆಂಟ್ ಬಾಟಲಿಯಲ್ಲೇ ನೇರವಾಗಿ ಬೆರೆಸಬೇಡಿ, ಕಾವಿಗೆ ಬಿರುಕು ಬಿಡುತ್ತದೆ. ಸೋಡಿಯಂ ಹೈಡ್ರಾಕ್ಸೈಡ್ ಕರಗುವಾಗಲೂ ಬಿಸಿ ಏರುತ್ತದೆ, ಪೂರ್ತಿ ಆರಿದ ಮೇಲೆಯೇ ಅಳತೆ ಫ್ಲಾಸ್ಕಿಗೆ ಹಾಕಿ ಗೆರೆ ಮುಟ್ಟಿಸಿ. ನಾನು ಇಲ್ಲಿ ಕೊಂಡ ಫ್ಲಾಸ್ಕಿನ ಮೇಲೆ 27 ಡಿಗ್ರಿ ಸೆಲ್ಸಿಯಸ್ ಅಂತ ಅಚ್ಚು ಹಾಕಿದ್ದಾರೆ, ಆ ಗೆರೆ ಆ ಉಷ್ಣತೆಗೆ ಹಾಕಿದ್ದು. ಏಪ್ರಿಲ್‌ನಲ್ಲಿ ಗದಗದ ತಗಡಿನ ಶೀಟಿನ ಕೋಣೆಯಲ್ಲಿ 27 ಎಲ್ಲಿಂದ ತರೋಣ! ಶಾಲೆಯ ಕೆಲಸಕ್ಕೆ ಅಷ್ಟು ವ್ಯತ್ಯಾಸ ನಡೆಯುತ್ತದೆ. ಕೈಗೆ ಬಿಸಿ ಹತ್ತುವ ದ್ರಾವಣವನ್ನು ಮಾತ್ರ ಅಳೆಯಬೇಡಿ.

ಗುಳಿಗೆ ತೂಗುವಾಗ ಕಾಗದ ಬೇಡ, ವಾಚ್ ಗ್ಲಾಸ್ ಅಥವಾ ಸಣ್ಣ ಬೀಕರ್ ಇಡಿ, ಬೇಗ ಮುಗಿಸಿ. ಮಳೆಗಾಲದಲ್ಲಿ ಧಾರವಾಡದ ಹವೆಗೆ ಗುಳಿಗೆ ನೋಡನೋಡುತ್ತಲೇ ಬೆವರುತ್ತವೆ. ಹೀಗೆ ತೇವ ಹಿಡಿಯುವುದರಿಂದ ತೂಕವನ್ನು ಪೂರ್ತಿ ನಂಬುವ ಹಾಗಿಲ್ಲ. ಅದಕ್ಕೇ ಆಕ್ಸಾಲಿಕ್ ಆಸಿಡ್ ಬೇಕಾಗುವುದು. ಅದರ ಹರಳು ಗಾಳಿಯಲ್ಲಿ ಹಾಗೆ ನೀರು ಕುಡಿಯುವುದಿಲ್ಲ, ತೂಗಿದ್ದೇ ಲೆಕ್ಕ. ಲೀಟರಿಗೆ 6.3 ಗ್ರಾಂ ಹಾಕಿದರೆ ಎನ್/10. ಅದರ ಎದುರು ಸೋಡಿಯಂ ಹೈಡ್ರಾಕ್ಸೈಡನ್ನು ಟೈಟ್ರೇಟ್ ಮಾಡಿ, ಬಂದ ಬಲವನ್ನು ಬಾಟಲಿ ಮೇಲೆ ಬರೆದರೆ ಆಯಿತು. ಈ ಒಂದು ಡಬ್ಬಿ ಮಾತ್ರ ಎಆರ್ ಗ್ರೇಡಿನದೇ ತಗೊಳ್ಳಿ, ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ.

ತಕ್ಕಡಿಯೇ ಸರಿ ಇಲ್ಲದ ಶಾಲೆಗೆ ಇವರಲ್ಲಿ ಇನ್ನೊಂದು ದಾರಿ ಇದೆ, ಅದನ್ನು ಯಾಕೆ ಮುಂದೆ ಇಡುವುದಿಲ್ಲವೋ ಗೊತ್ತಿಲ್ಲ. ಕಂಪನಿಯಿಂದಲೇ ಬರುವ ಆಂಪೂಲ್, ಅಂದರೆ ಸೀಲ್ ಮಾಡಿದ ಸಣ್ಣ ಸೀಸೆ. ಒಳಗೆ ಅಳೆದಿಟ್ಟ ಆಸಿಡ್ ಅಥವಾ ಪ್ರತ್ಯಾಮ್ಲ, ಪೂರ್ತಿ ಒಂದು ಲೀಟರ್ ಫ್ಲಾಸ್ಕಿಗೆ ಇಳಿಸಿ, ಆಂಪೂಲನ್ನು ತೊಳೆದ ನೀರನ್ನೂ ಅದಕ್ಕೇ ಹಾಕಿ ಗೆರೆ ತನಕ ತುಂಬಿದರೆ ಎನ್/10 ಸಿದ್ಧ. ಲೇಬಲ್ ಮೇಲೆ ಬ್ಯಾಚ್ ನಂಬರ್, ಅವಧಿ ಮುಗಿಯುವ ತಾರೀಕು ಎರಡೂ ಇರುತ್ತವೆ. ಕೇಳಿದರಷ್ಟೇ ಒಳಗಿನಿಂದ ತಂದುಕೊಡುತ್ತಾರೆ. ಸ್ವಲ್ಪ ದುಬಾರಿ, ಆದರೆ ರೆಡಿ ಅಂತ ಏನಾದರೂ ಬೇಕೇ ಬೇಕು ಅಂದರೆ ಇದನ್ನು ಕೊಳ್ಳಿ.

ಸುಣ್ಣದ ತಿಳಿನೀರನ್ನೂ ಬಾಟಲಿಯಲ್ಲಿ ಮಾರುತ್ತಾರೆ. ಇದಂತೂ ನಗು ಬರುವ ವ್ಯಾಪಾರ. ಎಲೆ ಅಡಿಕೆ ಅಂಗಡಿಯ ಬಿಳಿ ಸುಣ್ಣ ಒಂದು ಚಮಚ ನೀರಲ್ಲಿ ಕಲಸಿ ರಾತ್ರಿ ಇಟ್ಟು, ಬೆಳಗ್ಗೆ ಮೇಲಿನ ತಿಳಿಯನ್ನು ಸೋಸಿಕೊಂಡರೆ ಮುಗಿಯಿತು. ಲೀಟರಿಗೆ ಒಂದೂವರೆ ಗ್ರಾಂ ಚಿಲ್ಲರೆ ಮಾತ್ರ ಕರಗುತ್ತದೆ, ಉಳಿದದ್ದು ತಳದಲ್ಲಿ ಕೂರುತ್ತದೆ. ಅಂಗಡಿಯ ಬಾಟಲಿಯಲ್ಲಿ ಆಗಲೇ ಬಿಳಿ ಪೊರೆ ಕಟ್ಟಿತ್ತು. ಉಸಿರು ಊದಿದರೆ ತಿಳಿನೀರು ಬೆಳ್ಳಗಾಗುವುದನ್ನು ನೋಡುವುದೇ ಪ್ರಯೋಗ, ಆಗಲೇ ಬೆಳ್ಳಗಾದದ್ದಕ್ಕೆ ಇನ್ನು ಮಕ್ಕಳು ಊದಿ ಏನು ನೋಡಬೇಕು?

ನೀರಿನ ವಿಷಯ ಒಂದಿದೆ. ನಮ್ಮ ಕಡೆ ನಳದ ನೀರು ಬರುವುದೇ ಯಾವಾಗಲೋ, ಉಳಿದಂತೆ ಬೋರ್‌ವೆಲ್ಲೇ ಗತಿ. ಆ ಗಡಸು ನೀರಿನಲ್ಲಿ ಸೋಡಿಯಂ ಹೈಡ್ರಾಕ್ಸೈಡ್ ಕರಗಿಸಿದರೆ ಮಜ್ಜಿಗೆ ನೀರಿನಂತೆ ಕದಡುತ್ತದೆ, ಅದು ನೀರಿನಲ್ಲಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೊರಗೆ ಬಿದ್ದದ್ದು. ಅಂಗಡಿಯಲ್ಲಿ ಡಿಸ್ಟಿಲ್ಡ್ ವಾಟರ್ ಅಂತ 5 ಲೀಟರ್ ಕ್ಯಾನ್ ಕೊಡುತ್ತಾರೆ. ನಾನು ತಂದ ಕ್ಯಾನಿನ ನೀರಿಗೆ ಒಂದು ಹನಿ ಸಿಲ್ವರ್ ನೈಟ್ರೇಟ್ ಬಿಟ್ಟೆ, ಬೆಳ್ಳಗಾಯಿತು. ಅಂದರೆ ಕ್ಲೋರೈಡ್ ಇದೆ, ಡಿಸ್ಟಿಲ್ ಆದ ನೀರಲ್ಲ, ಆರ್‌ಒ ನೀರು ಇರಬಹುದು. ಬೆಂಚಿನ ಮೇಲಿಡುವ ಆಸಿಡ್ಡಿಗೆ ನಡೆಯುತ್ತದೆ, ಕ್ಲೋರೈಡ್ ಟೆಸ್ಟಿಗೆ ನಡೆಯುವುದಿಲ್ಲ. ಸೀಲ್ ಇರುವ ಕಂಪನಿ ಕ್ಯಾನ್ ಕೇಳಿ ತಗೊಳ್ಳಿ, ತಂದ ಮೇಲೂ ಈ ಒಂದು ಹನಿಯ ಪರೀಕ್ಷೆ ಮಾಡಿ.

ಬಾಟಲಿಗಳ ಆಯ್ಕೆ ಚೆನ್ನಾಗಿದೆ. ಪ್ರತ್ಯಾಮ್ಲಕ್ಕೆ ಪ್ಲಾಸ್ಟಿಕ್ ಬಾಟಲಿಯನ್ನೇ ಕೊಳ್ಳಿ, ಗಾಜಿನ ಬಿರಡೆ ಇರುವುದು ಬೇಡ. ಸೋಡಿಯಂ ಹೈಡ್ರಾಕ್ಸೈಡ್ ಗಾಜನ್ನು ಮೆಲ್ಲಗೆ ತಿನ್ನುತ್ತದೆ, ಬಿರಡೆ ಕಚ್ಚಿಕೊಂಡರೆ ಬಾಟಲಿ ಒಡೆಯುವುದೊಂದೇ ಉಳಿಯುವುದು. ಸಿಲ್ವರ್ ನೈಟ್ರೇಟ್, ನೈಟ್ರಿಕ್ ಆಸಿಡ್ ಬೆಳಕಿಗೆ ಕೆಡುವಂಥವು, ಕಂದು ಬಾಟಲಿಯಲ್ಲಿರಲಿ. ಲೇಬಲ್ಲಿಗೆ ಪೆನ್ಸಿಲ್ ಬಳಸಿ, ಮೇಲೆ ಅಗಲದ ಸೆಲ್ಲೋ ಟೇಪ್ ಹಚ್ಚಿ. ಪೆನ್ನಿನ ಶಾಯಿ ಒಂದು ಹನಿ ಆಸಿಡ್ಡಿಗೆ ಹೋಗಿಬಿಡುತ್ತದೆ, ಪೆನ್ಸಿಲ್ ಹೋಗುವುದಿಲ್ಲ. ಹೆಸರು, ಬಲ, ತಾರೀಕು, ಮೂರೂ ಇರಲಿ. ಸುರಿಯುವಾಗ ಲೇಬಲ್ ಅಂಗೈ ಕಡೆ ಇದ್ದರೆ ಇಳಿದ ಹನಿ ಅದರ ಮೇಲೆ ಹರಿಯುವುದಿಲ್ಲ.

ಇಡುವುದು ಎಲ್ಲಿ? ಕಬ್ಬಿಣದ ಅಲ್ಮಾರಿಯಲ್ಲಿ ಕಾನ್ಸಂಟ್ರೇಟೆಡ್ ಎಚ್‌ಸಿಎಲ್ ಇಟ್ಟರೆ ಅದರ ಹೊಗೆಗೆ ಬಾಗಿಲಿನ ಕೀಲು ತುಕ್ಕು ಹಿಡಿದು ಕೈಗೇ ಬರುತ್ತದೆ. ಮರದ ಕಪಾಟು, ಕೆಳಗಿನ ಗೂಡು, ಬಾಟಲಿಯ ಕೆಳಗೆ ಪ್ಲಾಸ್ಟಿಕ್ ಟ್ರೇ. ಆಸಿಡ್ ಟ್ರೇ ಬೇರೆ, ಪ್ರತ್ಯಾಮ್ಲದ ಟ್ರೇ ಬೇರೆ. ನೈಟ್ರಿಕ್ ಆಸಿಡ್ಡಿಗೆ ಮರ, ಸ್ಪಿರಿಟ್, ಅಸಿಟೋನ್ ಯಾವುದೂ ಆಗಿಬರುವುದಿಲ್ಲ, ಅದನ್ನು ಒಂದೇ ಬೇರೆ ಕಡೆ ಕಲ್ಲಿನ ಗೂಡಿನಲ್ಲಿಡಿ. ಅಮೋನಿಯಾ ಮತ್ತು ಎಚ್‌ಸಿಎಲ್ ಅಕ್ಕಪಕ್ಕ ಇದ್ದರೆ ಎರಡರ ಆವಿ ಸೇರಿ ಕಪಾಟಿನ ತುಂಬ ಅಮೋನಿಯಂ ಕ್ಲೋರೈಡಿನ ಬಿಳಿ ಧೂಳು ಕೂರುತ್ತದೆ. ನಮ್ಮ ಬೇಸಿಗೆಯಲ್ಲಿ ಅಮೋನಿಯಾ ಬಾಟಲಿಯೊಳಗೆ ಒತ್ತಡ ಏರಿರುತ್ತದೆ, ತಣ್ಣೀರಲ್ಲಿ ಸ್ವಲ್ಪ ಹೊತ್ತು ಇಟ್ಟು, ಮುಖ ಆ ಕಡೆ ಮಾಡಿ ತೆಗೆಯಿರಿ. ಪಕ್ಕದಲ್ಲಿ ಒಂದು ಡಬ್ಬಿ ಅಡುಗೆ ಸೋಡಾ ಇರಲಿ, ನೆಲಕ್ಕೆ ಚೆಲ್ಲಿದ ಆಸಿಡ್ ಮೇಲೆ ಉದುರಿಸಲು. ಮೈಗೆ ಬಿದ್ದರೆ ಸೋಡಾ ಗೀಡಾ ಬೇಡ, ಬರೀ ನೀರು, ಹರಿಯುವ ನೀರು, ಬಹಳ ಹೊತ್ತು.

ಗಾಗಲ್ಸ್ ಇಲ್ಲಿ ಒಳ್ಳೆಯವು ಸಿಗುತ್ತವೆ, ಕನ್ನಡಕದ ಮೇಲೂ ಕೂರುತ್ತವೆ. ಪ್ಯಾಕಿಂಗ್ ಅಚ್ಚುಕಟ್ಟು, ಬಾಟಲಿಗಳ ನಡುವೆ ಹುಲ್ಲು ತುಂಬಿ ಕೊಡುತ್ತಾರೆ. ನನಗೆ ಮಾತ್ರ ಹುಲ್ಲು ಸೇರುವುದಿಲ್ಲ, ಕಾನ್ಸಂಟ್ರೇಟೆಡ್ ಆಸಿಡ್ ಸೋರಿದರೆ ಹುಲ್ಲು ಸುಟ್ಟು ಕಪ್ಪಾಗುತ್ತದೆ. ಥರ್ಮೋಕೋಲ್ ಹಾಕಿ ಅಂತ ಕೇಳಿ. ಗದಗ, ಹಾವೇರಿಗೆ ಅವರೇ ಟೆಂಪೋದಲ್ಲಿ ಕಳಿಸುತ್ತಾರೆ, ಎರಡು ಮೂರು ಶಾಲೆ ಸೇರಿ ಆರ್ಡರ್ ಕೊಟ್ಟರೆ ಬಾಡಿಗೆ ಹಗುರ. ಬ್ಯಾಗಿನಲ್ಲಿ ಇಟ್ಟುಕೊಂಡು ಬಸ್ಸಿಗೋ ರೈಲಿಗೋ ಹತ್ತಬೇಡಿ, ರೈಲಿನಲ್ಲಂತೂ ಆಸಿಡ್ ಒಯ್ಯುವುದು ಅಪರಾಧ.

ಜಿಎಸ್‌ಟಿ ಬಿಲ್ ಶಾಲೆಯ ಹೆಸರಿಗೇ ಕೊಡುತ್ತಾರೆ, ಆಡಿಟ್‌ಗೆ ತೊಂದರೆ ಇಲ್ಲ. ಭಾನುವಾರ ಬಂದ್. ಶನಿವಾರ ಶಾಲೆ ಬಿಟ್ಟು ಹೋಗುವವರು ಮೊದಲೇ ಫೋನ್ ಮಾಡಿ, ಕಾಕಾ ಇಲ್ಲದಿದ್ದರೆ ಕೌಂಟರಿನ ಹುಡುಗ ಆಸಿಡ್ ಕೊಡುವುದಿಲ್ಲ.