ಕಣ್ಣಿಗೆ ಅದೇ ಮುಸ್ತಫಾ, ಕೈಗೆ ಬರಲು ಹಿಡಿದದ್ದು ಒಂದು ವರ್ಷ

ಡೊಂಬಿವಲಿಯ ನಮ್ಮ ಮನೆಯಲ್ಲಿ ಹಳೆಯ ಕಂಪ್ಯೂಟರೊಂದನ್ನು ಹಳೆಯ ವಿಡಿಯೋ ಗೇಮ್ ಪಾರ್ಲರ್ ಆಟಗಳಿಗೆಂದೇ ಇಟ್ಟು 3 ವರ್ಷವಾಯಿತು. ಅದರಲ್ಲಿ ಓಡುವುದು ಮೇಮ್. 1997ರಲ್ಲಿ ಇಟಲಿಯ ನಿಕೋಲಾ ಸಾಲ್ಮೋರಿಯಾ ಶುರುಮಾಡಿದ ಉಚಿತ ತಂತ್ರಾಂಶ. ಆಟವನ್ನು ಹೊಸದಾಗಿ ಬರೆದದ್ದಲ್ಲ ಇದು. ಪಾರ್ಲರ್ ಯಂತ್ರದೊಳಗಿನ ಚಿಪ್‌ಗಳಂತೆಯೇ ನಡೆದುಕೊಂಡು, ಹಳೆಯ ಆಟವನ್ನು ಇದ್ದ ಹಾಗೇ ಓಡಿಸುತ್ತದೆ. ಆಟಗಳು ಜೊತೆಗೆ ಬರುವುದಿಲ್ಲ, ಅವನ್ನು ಕಾನೂನಿನ ದಾರಿಯಲ್ಲಿ ನಾವೇ ಹೊಂದಿಸಿಕೊಳ್ಳಬೇಕು.

ನನಗೆ ಬೇಕಿದ್ದದ್ದು ಮುಸ್ತಫಾ. ಕ್ಯಾಪ್ಕಾಮ್‌ನ 1993ರ ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್ ಆಟವನ್ನು ನಾವೆಲ್ಲ ಕರೆಯುತ್ತಿದ್ದದ್ದು ಹಾಗೇ ಅಲ್ವಾ? ಮೊದಲ ದಿನ ಬಣ್ಣ, ಸದ್ದು ಎಲ್ಲ ಅದೇ. ಆದರೆ ತಮ್ಮ ಆಡಿ ನೋಡಿ ಹೇಳಿದ: "ಅಣ್ಣಾ, ನೋಡೋಕೆ ಅದೇ, ಕೈಗೆ ಮಾತ್ರ ಅದಲ್ಲ."

ಅವನ ಮಾತು ಸರಿ. ಟಿವಿ ಚಿತ್ರವನ್ನು ಚಂದಮಾಡಲು ಹೋಗಿ ತಡಮಾಡುತ್ತಿತ್ತು. ಗುಂಡಿ ಒತ್ತಿದ ಸ್ವಲ್ಪ ಹೊತ್ತಿನ ಮೇಲೆ ಒದೆ ಬೀಳುತ್ತಿತ್ತು! ಟಿವಿಯಲ್ಲಿ ಈ ತಡ ಕಡಿಮೆ ಮಾಡುವ ಗೇಮ್ ಮೋಡ್ ಹಾಕಿದೆ, ಅರ್ಧ ಸರಿಹೋಯಿತು. ಮಾನಿಟರ್‌ಗೆ ಬದಲಾಯಿಸಿದ ಮೇಲೆ ಪೂರ್ತಿ. ಕೀಬೋರ್ಡ್‌ನಲ್ಲಿ ಇಬ್ಬರು ಆಡಿದರೆ ಕೆಲವು ಒತ್ತುಗಳು ದಾಖಲಾಗುವುದೇ ಇಲ್ಲ, ಅದನ್ನು ಬಿಟ್ಟುಬಿಡಿ. ಮುಂಬೈಯ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಲ್ಯಾಮಿಂಗ್ಟನ್ ರೋಡಿನಿಂದ ಜಾಯ್‌ಸ್ಟಿಕ್, ಗುಂಡಿ, ಅವನ್ನು ಕಂಪ್ಯೂಟರಿಗೆ ಜೋಡಿಸುವ ಯುಎಸ್‌ಬಿ ಬೋರ್ಡ್ ತಂದು ಪ್ಲೈವುಡ್ ಪೆಟ್ಟಿಗೆಗೆ ಜೋಡಿಸಿದೆ. ಮೊದಲ ಜಾಯ್‌ಸ್ಟಿಕ್‌ನ ಸ್ವಿಚ್ 8 ತಿಂಗಳಿಗೇ ಕೈಕೊಟ್ಟಿತು. ಎರಡನೆಯದಕ್ಕೆ ಸ್ವಲ್ಪ ಜಾಸ್ತಿ ಕೊಟ್ಟೆ, ಇನ್ನೂ ಗಟ್ಟಿಯಾಗಿದೆ.

ಪ್ಯಾಕ್‌ಮ್ಯಾನ್ ಬೇರೆಯದೇ ಪಾಠ ಕಲಿಸಿತು. 1980ರ ಆ ಯಂತ್ರದ ಜಾಯ್‌ಸ್ಟಿಕ್‌ಗೆ 4 ದಿಕ್ಕು ಮಾತ್ರ. ನನ್ನದು 8 ದಿಕ್ಕಿನದು. ಕೈ ಸ್ವಲ್ಪ ಓರೆಯಾದರೆ ತಿರುವು ತಪ್ಪಿ ಭೂತದ ಬಾಯಿಗೇ. ಜಾಯ್‌ಸ್ಟಿಕ್ ಕೆಳಗೆ ಅದರ ಓಡಾಟಕ್ಕೆ ಮಿತಿ ಹಾಕುವ ಪ್ಲಾಸ್ಟಿಕ್ ತಡೆಯನ್ನು ತಿರುಗಿಸಿ ಕೂರಿಸಿದ ಮೇಲೆ ತಿರುವುಗಳು ಸಲೀಸು. ಆಟದ ಪರದೆಯೂ ಉದ್ದುದ್ದ, 224 ಚುಕ್ಕೆ ಅಗಲ, 288 ಚುಕ್ಕೆ ಎತ್ತರ. ಅದಕ್ಕೇ ಮಾನಿಟರನ್ನೂ ನಿಲ್ಲಿಸಿ ಆಡುತ್ತೇನೆ.

ಹೊಡೆದಾಟದ ಆಟ ಮಾರ್ಟಲ್ ಕಾಂಬ್ಯಾಟ್ ಕೊಂಚ ಕುಲುಕುತ್ತಿತ್ತು. ಮೂಲ ಯಂತ್ರದಲ್ಲಿ ಚಿತ್ರ ಬದಲಾಗುವುದು ಸೆಕೆಂಡಿಗೆ ಸುಮಾರು 54.7 ಸಲ, ಸಾಮಾನ್ಯ ಮಾನಿಟರ್‌ನಲ್ಲಿ 60 ಸಲ. ಆಟದ ವೇಗಕ್ಕೆ ತಾನೇ ಹೊಂದಿಕೊಳ್ಳುವ ಮಾನಿಟರ್ ತಂದ ಮೇಲೆ ಕುಲುಕಾಟ ನಿಂತಿತು. ದುಬಾರಿ ಗ್ರಾಫಿಕ್ಸ್ ಕಾರ್ಡ್‌ಗೆ ಸುಮ್ನೆ ದುಡ್ಡು ಹಾಕಬೇಡಿ, 2ಡಿ ಆಟಗಳಿಗೆ ಬೇಕಿಲ್ಲ. ಆ ದುಡ್ಡು ಜಾಯ್‌ಸ್ಟಿಕ್ ಮತ್ತು ಮಾನಿಟರ್‌ಗೆ ಹೋಗಲಿ.

ಕಳೆದ ಗಣಪತಿ ಹಬ್ಬಕ್ಕೆ ತಮ್ಮ ಬಂದಿದ್ದ. ಪೆಟ್ಟಿಗೆ ಮುಂದೆ ಕೂತವನು ಊಟಕ್ಕೆ ಕರೆದರೂ ಏಳಲಿಲ್ಲ.