ಪಾಳು ಮನೆಯ ಹಗೇವಿಗೆ ಇಳಿಯಬೇಡಿ: ನಮ್ಮ ತಮ್ಮನಿಗೆ ಆದದ್ದು

ಅಫಜಲಪುರ ತಾಲೂಕು. ಭೀಮಾ ನದಿಗೆ ಹತ್ತಿರದ ಒಂದು ಹಳ್ಳಿ. ಊರಿನ ಹೆಸರು ಬೇಕಂತಲೇ ಹೇಳುತ್ತಿಲ್ಲ. ಹೇಳಿದರೆ ಮುಂದಿನ ಭಾನುವಾರ ಇನ್ನೂ ನಾಲ್ಕು ಹುಡುಗರು ಬೈಕ್ ಹತ್ತಿ ಹೊರಡುತ್ತಾರೆ. ನಾವೂ ಹಾಗೇ ಹೊರಟಿದ್ದೆವು.

ನಾನು, ನನ್ನ ಕಾಕಾನ ಮಗ, ಮತ್ತೆ ಒಬ್ಬ ಗೆಳೆಯ. ಮೂವರೂ ಕಲಬುರಗಿಯವರೇ. ಆ ಊರಲ್ಲಿ ಒಂದು ಪಾಳು ಮನೆ ಇದೆ, ಹಿಂದೆ ಒಬ್ಬ ರೌಡಿ ಪೊಲೀಸರಿಗೆ ಸಿಗದೆ ಆರು ತಿಂಗಳು ಅಲ್ಲೇ ಅಡಗಿದ್ದ, ನೆಲದೊಳಗೆ ಗುಂಡಿ ತೋಡಿ ಪಿಸ್ತೂಲು, ರೊಕ್ಕ ಬಚ್ಚಿಟ್ಟಿದ್ದ ಅಂತ ಚಹಾ ಅಂಗಡಿಯಲ್ಲಿ ಕೇಳಿದ ಮಾತು. ಭೀಮಾ ತೀರ ಅಂದರೆ ಸಾಕು, ಜನ ಇಂಥ ಕಥೆಯನ್ನು ತಟ್ಟನೆ ನಂಬುತ್ತಾರೆ. ನಾವೂ ನಂಬಿದೆವು. ವಿಡಿಯೋ ಮಾಡೋಣ ಅಂತ ಹೋದೆವು.

ಹೋದ ವರ್ಷದ ಶ್ರಾವಣ. ಹಿಂದಿನ ವಾರವೆಲ್ಲ ಮಳೆ ಹೊಡೆದಿತ್ತು. ಎರೆ ಮಣ್ಣು ಚಪ್ಪಲಿಗೆ ಸೇರುಗಟ್ಟಲೆ ಅಂಟುತ್ತಿತ್ತು. ಮುಂಬಾಗಿಲಿಗೆ ಬೀಗ. ಹಿತ್ತಲ ಗೋಡೆ ಕುಸಿದಿತ್ತು, ಅಲ್ಲಿಂದ ಒಳಗೆ ಹೋದೆವು. ಬೀಗ ಹಾಕಿದ ಮನೆ ಅಂದರೆ ಅದಕ್ಕೊಬ್ಬ ಯಜಮಾನ ಇದ್ದಾನೆ ಅಂತ ಆಗ ಒಬ್ಬನಿಗೂ ಹೊಳೆಯಲಿಲ್ಲ.

ಒಳಗೆ ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ. ನಮ್ಮ ಕಡೆಯ ಹಳೇ ಮನೆ ನೋಡಿದವರಿಗೆ ಗೊತ್ತು, ಆ ಮಾಳಿಗೆಯ ಮೇಲೆ ಅಡಿಗಟ್ಟಲೆ ಮಣ್ಣಿರುತ್ತದೆ. ಮಳೆಗೆ ನೆನೆದರೆ ಅದರ ಭಾರ ಹೆಚ್ಚುತ್ತದೆ. ನೋಡಿಕೊಳ್ಳುವವರು ಇಲ್ಲದ ಮನೆಯಲ್ಲಿ ಗೆದ್ದಲು ತಿಂದ ತೊಲೆ ಅದನ್ನು ಎಷ್ಟು ದಿನ ಹೊರುತ್ತೆ? ಪಡಸಾಲೆಯ ಒಂದು ಅಂಕಣ ಆಗಲೇ ಬಿದ್ದಿತ್ತು. ಉಳಿದದ್ದರ ಕೆಳಗೆ ನಾವು ನಿಂತು ಫೋಟೋ ತೆಗೆದೆವು. ಗೋಡೆಯಲ್ಲಿ ಸಾಲಾಗಿ ಮೂರು ತೂತು. ಗೆಳೆಯ ಅದನ್ನು ತೋರಿಸಿ "ಗುಂಡು ಹೊಡೆದದ್ದು" ಅಂದ. ಮೂಲೆಯಲ್ಲಿ ಬೀಡಿ ತುಂಡು, ಒಂದು ಖಾಲಿ ಬಾಟಲಿ. ಯಾರೋ ಇನ್ನೂ ಬಂದು ಹೋಗುತ್ತಾರೆ ಅಂತ ನಮ್ಮ ಎದೆ ಹೊಡೆದುಕೊಳ್ಳುತ್ತಿತ್ತು. ಕಣ್ಣೆಲ್ಲ ಬಾಗಿಲ ಕಡೆ, ಕಿವಿಯೆಲ್ಲ ಹೊರಗಿನ ಸಪ್ಪಳದ ಕಡೆ. ಕಾಲ ಕೆಳಗೆ ಏನಿದೆ ಅಂತ ಯಾರೂ ನೋಡಲಿಲ್ಲ.

ಒಳಕೋಣೆಯಲ್ಲಿ ಶಹಾಬಾದ್ ಕಲ್ಲಿನ ನೆಲ. ಒಂದು ಫರಸಿ ಉಳಿದವುಗಳ ಹಾಗೆ ಕೂತಿರಲಿಲ್ಲ. ನನ್ನ ತಮ್ಮ, ಅದೇ ಕಾಕಾನ ಮಗ, ಅದನ್ನು ಕಾಲಿಂದ ಬಡಿದ. ಟೊಳ್ಳು ಸದ್ದು ಬಂತು. ಅಲ್ಲೇ ಬಿದ್ದಿದ್ದ ಕಬ್ಬಿಣದ ಸಲಾಕೆ ಹಾಕಿ ಮೂವರೂ ಸೇರಿ ಮೀಟಿದೆವು. ಕೆಳಗೆ ದುಂಡನೆ ಬಾಯಿ, ಒಬ್ಬ ಮನುಷ್ಯ ಇಳಿಯುವಷ್ಟು ಅಗಲ. ಫೋನಿನ ಟಾರ್ಚ್ ಬಿಟ್ಟರೆ ಎಂಟೊಂಬತ್ತು ಅಡಿ ಆಳ, ಗಡಿಗೆಯ ಹೊಟ್ಟೆಯ ಹಾಗೆ ಒಳಗೆ ಅಗಲ. ತಳದಲ್ಲಿ ಸ್ವಲ್ಪ ನೀರು, ಅದರಲ್ಲಿ ಕರ್ರಗೆ ಒಂದು ಚೀಲ.

ಅದು ಹಗೇವು. ಜೋಳ ತುಂಬಿಡುವ ನೆಲದೊಳಗಿನ ಕಣಜ. ನಮ್ಮ ಅಜ್ಜಂದಿರಾಗಿದ್ದರೆ ಬಾಯಿ ನೋಡಿದ ಕೂಡಲೇ ಹೇಳುತ್ತಿದ್ದರು. ನಾವು ಹೆಸರು ಕೇಳಿದ್ದೆವು, ಕಣ್ಣಾರೆ ನೋಡಿರಲಿಲ್ಲ. ಚೀಲ ಕಂಡದ್ದೇ ತಡ, ಪಿಸ್ತೂಲು ಬಚ್ಚಿಟ್ಟ ಗುಂಡಿ ಇದೇ ಅಂತ ಮೂವರಿಗೂ ಖಾತ್ರಿಯಾಯಿತು.

ತಮ್ಮ ಇಳಿಯುತ್ತೇನೆ ಅಂದ. ಹತ್ತಿ ಬರಲು ಗೋಡೆಯಲ್ಲಿ ಮೆಟ್ಟಿಲು ಇರಲಿಲ್ಲ. ಬೈಕಿನ ಹಿಂದೆ ಸಾಮಾನು ಕಟ್ಟುವ ಹಗ್ಗ ಇತ್ತು, ಅದನ್ನು ಅವನ ಸೊಂಟಕ್ಕೆ ಎರಡು ಸುತ್ತು ಹಾಕಿ ಬಿಗಿದೆ. ಮೇಲೆ ಎಳೆದುಕೊಳ್ಳಲು ಅಂತ ಕಟ್ಟಿದ್ದು, ಅಪಾಯ ಇದೆ ಅಂತ ಅಲ್ಲ. ಆ ಹಗ್ಗ ಇಲ್ಲದಿದ್ದರೆ ಅವತ್ತು ನಾನು ಕಾಕಾನ ಮುಂದೆ ಹೋಗಿ ಏನು ಹೇಳುತ್ತಿದ್ದೆ?

ತಳಕ್ಕೆ ಕಾಲು ಊರಿದ. ಬಗ್ಗಿ ಚೀಲಕ್ಕೆ ಕೈ ಹಾಕಿದ. "ಅಣ್ಣಾ, ತಲಿ ತಿರಗಲತ್ತದ" ಅಂದ. ಮೇಲೆ ಬಾ ಅಂತ ನಾನು ಅನ್ನುವಷ್ಟರಲ್ಲಿ ಮೊಣಕಾಲು ಮಡಚಿ ಗೋಡೆಗೆ ಒರಗಿದ. ಕೂಗಿದರೆ ಉತ್ತರ ಇಲ್ಲ. ಅಬ್ಬಬ್ಬಾ ಅಂದರೆ ಅರ್ಧ ನಿಮಿಷ ಆಗಿತ್ತು, ಅಷ್ಟೇ. ಕೆಟ್ಟ ವಾಸನೆ ಇರಲಿಲ್ಲ, ಕೆಮ್ಮು ಬರಲಿಲ್ಲ. ಹಸಿ ಮಣ್ಣಿನ ವಾಸನೆ ಬಿಟ್ಟರೆ ಏನೂ ಇಲ್ಲ. ದಯವಿಟ್ಟು ಇದನ್ನು ನೆನಪಿಡಿ. ವಾಸನೆ ಬಂದರೆ ಎಚ್ಚರಾಗೋಣ ಅಂದುಕೊಂಡರೆ ಆ ಎಚ್ಚರ ಬರುವುದೇ ಇಲ್ಲ.

ಹಗ್ಗ ಎಳೆದೆವು. ಎಚ್ಚರ ತಪ್ಪಿದ ಮೈ ಕಲ್ಲಿನ ಹಾಗೆ ಭಾರ. ಸೊಂಟಕ್ಕೆ ಕಟ್ಟಿದ್ದರಿಂದ ಮೈ ಅಡ್ಡ ಆಯಿತು, ಭುಜ ಹೋಗಿ ಹಗೇವಿನ ಕೊರಳಿಗೆ ಸಿಕ್ಕಿಹಾಕಿಕೊಂಡಿತು. ಕೆಳಗೆ ಇಳಿದು ದೂಡುತ್ತೇನೆ ಅಂತ ಗೆಳೆಯ ಎರಡೂ ಕಾಲು ಒಳಗೆ ಇಳಿಬಿಟ್ಟ. ನಾನು ಬೇಡ ಅನ್ನಲಿಲ್ಲ. ಅವನು ಇಳಿಯದಿದ್ದರೆ ನಾನೇ ಇಳಿಯುತ್ತಿದ್ದೆ.

ನಮ್ಮ ಕೂಗು ಕೇಳಿ ಹಿತ್ತಲ ಕಡೆಯಿಂದ ಊರಿನ ಒಬ್ಬ ಮುತ್ಯಾ, ಅಂದರೆ ಅಜ್ಜ, ಓಡಿ ಬಂದರು, ಹಿಂದೆ ಅವರ ಮಗ. ಮುತ್ಯಾ ಬಂದವರೇ ಗೆಳೆಯನ ಅಂಗಿ ಕೊರಳಪಟ್ಟಿ ಹಿಡಿದು ಹಿಂದಕ್ಕೆ ಎಳೆದರು. "ಏ, ಇಳೀಬ್ಯಾಡ! ಒಳಗ ಗಾಳಿ ಕೆಟ್ಟದ. ನೀ ಇಳಿದ್ರ ನಿನ್ನೂ ಎಳೀಬೇಕಾಗ್ತದ!" ಅಂತ ಬೈದರು. ಆಮೇಲೆ ನೆಲದ ಮೇಲೆ ಬೋರಲು ಮಲಗಿ, ಮುಖ ಆಚೆ ತಿರುಗಿಸಿ, ಕೈ ಮಾತ್ರ ಒಳಗೆ ಬಿಟ್ಟರು. ತಮ್ಮನ ಒಂದು ತೋಳು ಹುಡುಕಿ ತಲೆಯ ಮೇಲೆ ಎತ್ತಿದರು. ಭುಜ ಸಡಿಲಾಯಿತು. ನಾಲ್ವರೂ ಸೇರಿ ಎಳೆದೆವು. ಮೈ ಹೊರಗೆ ಬಂತು.

ತುಟಿ ನೀಲಿ. ಮುಖ ಬೂದಿ ಬಣ್ಣ. ಮುತ್ಯಾನ ಮಗ ಅವನನ್ನು ಅಂಗಳಕ್ಕೆ ಹೊತ್ತುಕೊಂಡು ಹೋಗಿ ಮಲಗಿಸಿ, ಅಂಗಿ ಗುಂಡಿ ಕಿತ್ತು ಬಿಚ್ಚಿದರು. ನಾನು 108ಕ್ಕೆ ಫೋನ್ ಮಾಡುತ್ತಿದ್ದೆ, ಬೆರಳು ನಡುಗಿ ಎರಡು ಸಲ ತಪ್ಪು ಒತ್ತಿದೆ. ಒಂದು ಉದ್ದ ಉಸಿರು ಎಳೆದ. ಮತ್ತೆ ಸುಮ್ಮನಾದ. ಮತ್ತೆ ಒಂದು ಎಳೆದ. ಆ ಎರಡು ಉಸಿರಿನ ನಡುವಿನ ಹೊತ್ತು ಇವತ್ತಿಗೂ ರಾತ್ರಿ ನನ್ನನ್ನು ಎಬ್ಬಿಸುತ್ತದೆ.

ಆಸ್ಪತ್ರೆಯಲ್ಲಿ ಎರಡು ದಿನ ಆಮ್ಲಜನಕ ಕೊಟ್ಟರು. ಉಳಿದ. ಹಗ್ಗ ಬಿಗಿದ ಕಡೆ ಸೊಂಟದ ಸುತ್ತ ಕಪ್ಪು ಗೆರೆ ಒಂದು ತಿಂಗಳು ಇತ್ತು. ಹಗೇವಿನೊಳಗೆ ಕಾಲಿಟ್ಟದ್ದು, ನನ್ನನ್ನು ಕರೆದದ್ದು, ಯಾವುದೂ ಅವನಿಗೆ ನೆನಪಿಲ್ಲ.

ಆಮೇಲೆ ಮುತ್ಯಾನ ಹತ್ತಿರ ಕೂತು ಕೇಳಿದೆ, ಡಾಕ್ಟರ್ ಹತ್ತಿರವೂ ಕೇಳಿದೆ. ಇಬ್ಬರೂ ಹೇಳಿದ್ದು ಒಂದೇ. ಹಗೇವಿಗೆ ಜೋಳ ತುಂಬಿ ಬಾಯಿ ಮುಚ್ಚಿ ಮಣ್ಣು ಮೆತ್ತಿದರೆ ಕಾಳು ಒಳಗಿನ ಆಮ್ಲಜನಕವನ್ನು ತಾನೇ ಉಸಿರಾಡಿ ಮುಗಿಸುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಹುಳ ಸಾಯುತ್ತವೆ. ಜೋಳ ವರ್ಷಗಟ್ಟಲೆ ಕೆಡದೆ ಇರುತ್ತದೆ. ಕಾಳು ಕಾಯುವ ಆ ಗಾಳಿಯೇ ಮನುಷ್ಯನನ್ನು ಕೊಲ್ಲುತ್ತದೆ. ನಾವು ಕಂಡ ಹಗೇವಿನಲ್ಲಿ ಕಾಳಿರಲಿಲ್ಲ, ಆದರೆ ಮಳೆ ನೀರು ಇಳಿದು ಗೋಣಿ ಚೀಲ, ಹೊಟ್ಟು ಕೊಳೆಯುತ್ತಿತ್ತು. ಕೊಳೆಯುವುದೂ ಅದೇ ಕೆಲಸ ಮಾಡುತ್ತದೆ. ಆ ಅನಿಲ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ, ಹಾಗಾಗಿ ತಳದಲ್ಲೇ ನಿಲ್ಲುತ್ತದೆ. ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಶೇ 21ರಷ್ಟು. ಶೇ 10ಕ್ಕಿಂತ ಕೆಳಗೆ ಹೋದರೆ ಎಚ್ಚರ ತಪ್ಪುತ್ತದೆ. ಶೇ 6ಕ್ಕೆ ಬಂದರೆ ಜೀವ ಉಳಿಯಲು ಕೆಲವೇ ನಿಮಿಷ.

ಹಿಂದಿನವರು ಹಗೇವಿನ ಬಾಯಿ ತೆಗೆದು ಸಾಕಷ್ಟು ಹೊತ್ತು ಹಾಗೇ ಬಿಡುತ್ತಿದ್ದರಂತೆ. ಆಮೇಲೆ ಕಂದೀಲು ಇಳಿಬಿಟ್ಟು ನೋಡುತ್ತಿದ್ದರು, ದೀಪ ಆರಿದರೆ ಯಾರೂ ಇಳಿಯುತ್ತಿರಲಿಲ್ಲ. ಇದನ್ನು ಓದಿ ನೀವು ಕಡ್ಡಿ ಗೀರಿ ಪರೀಕ್ಷೆ ಮಾಡಲು ಹೋಗಬೇಡಿ. ಕೊಳೆತ ಜಾಗದಲ್ಲಿ ಬೆಂಕಿ ಹತ್ತುವ ಅನಿಲವೂ ಇರಬಹುದು. ಮೂಗಿಗೆ ಕರ್ಚೀಫ್ ಕಟ್ಟಿದರೆ ಏನೂ ಉಪಯೋಗ ಇಲ್ಲ, ಇಲ್ಲದ ಆಮ್ಲಜನಕವನ್ನು ಬಟ್ಟೆ ಎಲ್ಲಿಂದ ತರುತ್ತೆ? ಯಾರಾದರೂ ಒಳಗೆ ಬಿದ್ದರೆ 112ಕ್ಕೆ ಫೋನ್ ಮಾಡಿ, ಅಗ್ನಿಶಾಮಕದವರು ಬೇಕು ಅಂತ ಬಿಡಿಸಿ ಹೇಳಿ. ಮೇಲಿನಿಂದ ಏನು ಮಾಡಲು ಆಗುತ್ತೋ ಅಷ್ಟು ಮಾಡಿ. ಇಳಿಯಬೇಡಿ. ಅಣ್ಣನೇ ಇರಲಿ, ಮಗನೇ ಇರಲಿ, ಇಳಿಯಬೇಡಿ. ಮ್ಯಾನ್‌ಹೋಲ್, ಹಾಳು ಬಾವಿಯ ಸುದ್ದಿಗಳಲ್ಲಿ ಒಬ್ಬನನ್ನು ಎತ್ತಲು ಹೋಗಿ ಇನ್ನಿಬ್ಬರು ಸತ್ತರು ಅಂತ ಎಷ್ಟು ಸಲ ಓದಿಲ್ಲ ನಾವು?

ಪೊಲೀಸರೂ ಬಂದರು. ಅವರು ಕೇಳಿದ್ದರಲ್ಲಿ ತಪ್ಪಿಲ್ಲ: ಬೇರೆಯವರ ಮನೆಗೆ ಯಾಕೆ ಹೊಕ್ಕಿರಿ? ಭಾರತೀಯ ನ್ಯಾಯ ಸಂಹಿತೆಯ 329ನೇ ಸೆಕ್ಷನ್ ಪ್ರಕಾರ ಮನೆ ಅತಿಕ್ರಮ ಪ್ರವೇಶಕ್ಕೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 5000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ನಿಮ್ಮ ಉದ್ದೇಶ ಏನಿತ್ತು ಅನ್ನುವುದು ಕೋರ್ಟಿನಲ್ಲಿ ತೀರ್ಮಾನ ಆಗುವ ಮಾತು. ಅದಕ್ಕೂ ಮೊದಲು ಠಾಣೆಯ ಬೆಂಚಿನ ಮೇಲೆ ಅಪ್ಪನ ಪಕ್ಕ ತಲೆ ತಗ್ಗಿಸಿ ಕೂರಬೇಕಾಗುತ್ತದೆ. ಮನೆ ಯಜಮಾನರು ದೂರು ಕೊಡಲಿಲ್ಲ, ಅದು ಅವರ ದೊಡ್ಡ ಮನಸ್ಸು.

ಆ ಯಜಮಾನರು ಪುಣೆಯಲ್ಲಿ ಗಾರೆ ಕೆಲಸ ಮಾಡುತ್ತಾರೆ. ಕ್ಷಮೆ ಕೇಳಲು ಫೋನ್ ಮಾಡಿದೆ. ಒಂದು ಕೆಟ್ಟ ಮಾತೂ ಆಡಲಿಲ್ಲ. ಮನೆ ಬಿಟ್ಟದ್ದು ಬರಗಾಲಕ್ಕೆ, ಬೇರೆ ಯಾವುದಕ್ಕೂ ಅಲ್ಲ. ಒಂದು ಸಲ ಪೊಲೀಸರು ಊರಿನ ಬೇರೆ ಯಾರನ್ನೋ ಹುಡುಕಿಕೊಂಡು ಬಂದು ಇವರ ಕಟ್ಟೆಯ ಮೇಲೆ ಕೂತು ವಿಚಾರಿಸಿ ಹೋಗಿದ್ದರು. ಅಷ್ಟಕ್ಕೇ ಆ ಕಥೆ ಹುಟ್ಟಿತು. ಗೋಡೆಯ ಮೂರು ತೂತು ಬಾರುಕೋಲು, ಹಗ್ಗ ನೇತುಹಾಕುವ ಗೂಟದ್ದು. "ನನ್ನ ಮಗಳ ಸಂಬಂಧ ಎರಡು ಸಲ ಮುರೀತು ತಮ್ಮಾ. ರೌಡಿ ಮನಿ ಅಂತ ಯಾರೋ ಹೇಳ್ಯಾರ" ಅಂದರು. ನಾನು ಫೋನ್ ಹಿಡಿದು ಸುಮ್ಮನೆ ನಿಂತೆ. ಆ ವಿಡಿಯೋ ನಾವು ಹಾಕಿದ್ದರೆ ಮೂರನೆಯದೂ ಮುರಿಯುತ್ತಿತ್ತು.

ಗೆಳೆಯ ನನ್ನ ಎದುರಿಗೇ ಎಲ್ಲ ಅಳಿಸಿದ. ದೀಪಾವಳಿ ಮುಗಿದ ಮೇಲೆ ಯಜಮಾನರ ಒಪ್ಪಿಗೆ ಪಡೆದು ಮೂವರೂ ಮತ್ತೆ ಆ ಊರಿಗೆ ಹೋದೆವು. ಈ ಸಲ ಬೀಗದ ಕೈ ಮುತ್ಯಾನ ಹತ್ತಿರ ಇತ್ತು, ಮುಂಬಾಗಿಲಿನಿಂದಲೇ ಒಳಗೆ ಹೋದೆವು. ಹಗೇವು ತುಂಬಲು ಮೂರು ಟ್ರಾಲಿ ಮರಂ ಮಣ್ಣು ಬೇಕಾಯಿತು. ತಮ್ಮ ಬಾಗಿಲ ಹೊರಗೆ ಕಟ್ಟೆಯ ಮೇಲೆ ಕೂತಿದ್ದ, ಒಳಗೆ ಬರಲಿಲ್ಲ. ಕೊನೆಯ ಬುಟ್ಟಿ ಸುರಿದು ಮೇಲೆ ಫರಸಿ ಎಳೆದಾಗ ಮುತ್ಯಾ ಕಾಲಿಂದ ಬಡಿದು ನೋಡಿದರು. ಸದ್ದು ಗಟ್ಟಿಯಾಗಿ ಬಂತು.